60,000ದ ಪೊಟ್ಟಣ ಮತ್ತು ಒಂದು ಚೀಟಿ

ತಂಗಿ ಮೆಲ್ಬರ್ನ್‌ಗೆ ಹೋದ ಮೇಲೆ ವರ್ಷಕ್ಕೆರಡು ಸಲ ತುಮಕೂರಿನಿಂದ ಪಾರ್ಸೆಲ್ ಕಳಿಸುತ್ತೇನೆ. ಹೆಚ್ಚಾಗಿ ರವಿಕೆಗಳು, ಅಲ್ಲಿ ಒಂದು ರವಿಕೆ ಹೊಲಿಸುವ ದುಡ್ಡಿಗೆ ಇಲ್ಲಿ ಸೀರೆಯೇ ಬರುತ್ತದೆ. ಹೋದ ವರ್ಷ ಜುಲೈನಲ್ಲಿ, ಅಂದರೆ ಅವರ ಚಳಿಗಾಲದಲ್ಲಿ, ಫೋನ್ ಮಾಡಿದಳು. "ಅಕ್ಕಾ, ರವಿಕೆ ಮಧ್ಯ ಡಿ ವಿಟಮಿನ್ ಪೊಟ್ಟಣ ಒಂದಿಪ್ಪತ್ತು ಇಟ್ಟುಬಿಡು. 60,000 ಯೂನಿಟ್‌ದು. ಇಲ್ಲಿ ಅಂಗಡೀಲಿ ಬರೀ 1,000ದ್ದು ಕೊಡ್ತಾರೆ, ಜಾಸ್ತಿ ಬೇಕಂದ್ರೆ ಡಾಕ್ಟರ್ ಚೀಟಿ ತಗೊಂಡ್ ಬಾ ಅಂತಾರೆ."

"ಆಗಲ್ಲ ಕಣೇ" ಅಂದೆ. ಅವಳಿಗೆ ಸಿಟ್ಟು ಬಂತು. ಮೂರು ವರ್ಷದ ಹಿಂದಾಗಿದ್ದರೆ ಮರುಮಾತಾಡದೆ ಕಳಿಸಿಬಿಡುತ್ತಿದ್ದೆ. ನಡುವೆ ಅಮ್ಮನದೊಂದು ಕಥೆ ಆಗಿಹೋಗಿತ್ತು. ಅವಳು ಗಾಬರಿಯಾದಾಳೆಂದು ಅದನ್ನು ಅವಳಿಗೆ ಪೂರ್ತಿ ಹೇಳಿರಲಿಲ್ಲ.

ಅದು ಶುರುವಾದದ್ದು ನನ್ನಿಂದಲೇ. ನನ್ನದು ಬ್ಯಾಂಕ್ ಕೆಲಸ. ಬೆಳಿಗ್ಗೆ ಒಳಗೆ ಹೋದರೆ ಸಂಜೆ ಬಿಸಿಲು ಇಳಿದ ಮೇಲೆಯೇ ಹೊರಗೆ. ತೊಡೆ, ಸೊಂಟ ಸದಾ ನೋವು, ಮೆಟ್ಟಿಲು ಹತ್ತಲು ಕಂಬಿ ಹಿಡಿಯಬೇಕು. ರಕ್ತ ಪರೀಕ್ಷೆಯಲ್ಲಿ ಡಿ ಬಂದದ್ದು 14. ಆ ರಿಪೋರ್ಟಿನ ಲೆಕ್ಕದಲ್ಲಿ 20ಕ್ಕಿಂತ ಕೆಳಗಿದ್ದರೆ ಕೊರತೆ. ಡಾಕ್ಟರು ವಾರಕ್ಕೊಂದರಂತೆ ಎಂಟು ವಾರ 60,000 ಯೂನಿಟ್ ಬರೆದರು. ಹಾಲಿಗೆ ಬೆರೆಸಿ, ಊಟವಾದ ಮೇಲೆ ಕುಡಿಯಬೇಕು. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಊಟದಲ್ಲಿ ತುಪ್ಪವೋ ಎಣ್ಣೆಯೋ ಇದ್ದರೆ ಚೆನ್ನಾಗಿ ಹಿಡಿಯುತ್ತದೆ. ಎರಡು ತಿಂಗಳಲ್ಲಿ ಕಂಬಿ ಬಿಟ್ಟು ಹತ್ತುವ ಹಾಗಾದೆ. ಒಂದು ಸಲ ವಾಸಿಯಾದವರೆಲ್ಲ ಅರ್ಧ ಡಾಕ್ಟರಾಗುತ್ತಾರಲ್ಲ, ನಾನೂ ಆದೆ.

ಅಮ್ಮ ಇರುವುದು ಪಾವಗಡ ತಾಲ್ಲೂಕಿನ ಹಳ್ಳಿಯಲ್ಲಿ. ಅವಳಿಗೂ ಸೊಂಟ ನೋವು, ಮಂಡಿ ನೋವು. "ನನಗೆ ಹೋದ ಹಾಗೆ ನಿನಗೂ ಹೋಗುತ್ತೆ" ಎಂದು ಊರಿಗೆ ಹೋಗುವ ದಾರಿಯಲ್ಲಿ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿದೆ. ಚೀಟಿ ಕೇಳಲಿಲ್ಲ. ಪದೇ ಪದೇ ಬರಲಾಗುವುದಿಲ್ಲವೆಂದು ಒಟ್ಟಿಗೆ 30 ಪೊಟ್ಟಣ ತೆಗೆದುಕೊಂಡೆ, ಜೊತೆಗೆ ಕ್ಯಾಲ್ಸಿಯಂ ಮಾತ್ರೆ. ಅಂಗಡಿಯವರು ಹೇಗೆ ಕುಡಿಯಬೇಕೆಂದು ಹೇಳಲಿಲ್ಲ, ನಿಜ. ಆದರೆ ಅಮ್ಮನ ಕೈಗೆ ಕೊಟ್ಟವಳು ನಾನು. "ರಾತ್ರಿ ಹಾಲಿಗೆ ಹಾಕ್ಕೊಂಡು ಕುಡಿ" ಅಂದೆ. ವಾರಕ್ಕೊಂದು ಅನ್ನುವ ಮಾತು ನನ್ನ ತಲೆಯಲ್ಲೇ ಉಳಿದುಹೋಯಿತು.

ಪುಡಿ ಸಿಹಿಯಾಗಿರುತ್ತದೆ. ಅಮ್ಮ ದಿನಾ ರಾತ್ರಿ ತಪ್ಪದೆ ಕುಡಿದಳು. ಒಂದು ತಿಂಗಳಿಗೆ 18 ಲಕ್ಷ ಯೂನಿಟ್. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ದಿನಕ್ಕೆ ಸಾಕೆಂದು ಹೇಳಿದ್ದು 600 ಯೂನಿಟ್. ಅಮ್ಮ ದಿನಾ ಅದರ ನೂರು ಪಟ್ಟು ಕುಡಿದಿದ್ದಳು.

ಮೊದಲು ಊಟ ಸೇರಲಿಲ್ಲ. ಆಮೇಲೆ ವಾಂತಿ, ಮಲಬದ್ಧತೆ, ಎಷ್ಟು ನೀರು ಕುಡಿದರೂ ದಾಹ, ರಾತ್ರಿ ಐದಾರು ಸಲ ಏಳುವುದು. ಮೈದುನ ಸಕ್ಕರೆ ಕಾಯಿಲೆಯಿರಬೇಕೆಂದ. ತುಮಕೂರಿಗೆ ಕರೆತಂದು ತೋರಿಸಿದಾಗ ಸಕ್ಕರೆ ಸರಿಯಾಗಿತ್ತು. ಏರಿದ್ದು ರಕ್ತದ ಕ್ಯಾಲ್ಸಿಯಂ: 10.5ರ ಒಳಗಿರಬೇಕಾದದ್ದು 12 ದಾಟಿತ್ತು. ಡಿ 150ರ ಮೇಲೆ. ಕರುಳು ಕ್ಯಾಲ್ಸಿಯಂ ಹೀರುವುದನ್ನು ಡಿ ಹೆಚ್ಚಿಸುತ್ತದೆ. ಡಿ ಮಿತಿಮೀರಿದರೆ ಮೂಳೆಯ ಕ್ಯಾಲ್ಸಿಯಮ್ಮೂ ರಕ್ತಕ್ಕೆ ಇಳಿಯುತ್ತದೆ, ಹೊರೆ ಬೀಳುವುದು ಕಿಡ್ನಿಯ ಮೇಲೆ. ಪುಡಿ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ನಿಲ್ಲಿಸಿ ಮೂರು ದಿನ ಡ್ರಿಪ್ ಹಾಕಿದರು. ಕ್ಯಾಲ್ಸಿಯಂ ಇಳಿಯಿತು. ಡಿ ಮಾತ್ರ ಮೈಕೊಬ್ಬಿನಲ್ಲಿ ಕೂತಿರುತ್ತದೆ, ಬೇಗ ಖಾಲಿಯಾಗುವುದಿಲ್ಲ. ತಿಂಗಳುಗಟ್ಟಲೆ ರಕ್ತ ಕೊಡಲು ಓಡಾಡಿದೆವು.

ಡಾಕ್ಟರು ಬೈಯಲಿಲ್ಲ, ಒಂದು ಪ್ರಶ್ನೆ ಕೇಳಿದರು. "ನಿಮ್ಮೂರು ಎಲ್ಲಮ್ಮ? ತಿರುಮಣಿ ಹತ್ರಾನಾ? ಬಿಸಿಲು ನಂಬಿ 13,000 ಎಕರೆ ಸೋಲಾರ್ ಹಾಕಿರೋ ಕಡೆ, ದಿನಾ ಹೊಲಕ್ಕೆ ಹೋಗೋ ಹೆಂಗಸಿಗೆ ಡಿ ಕಮ್ಮಿ ಅಂತ ಪರೀಕ್ಷೆ ಇಲ್ದೆ ಯಾರ್ ಹೇಳಿದ್ರು?" ಹೊಲಕ್ಕೆ ಹೋಗುವವರಿಗೂ ಕೊರತೆ ಇರಬಹುದು, ಅದನ್ನೂ ಅವರೇ ಹೇಳಿದರು. ಆದರೆ ಆಮೇಲೆ ಕೇಳಿದ್ದು ನೀರಿನ ವಿಷಯ. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ; ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುವುದು ನಮ್ಮ ಮಕ್ಕಳಿಗೂ ಗೊತ್ತು, ಅವರ ಹಲ್ಲು ನೋಡಿದರೇ ತಿಳಿಯುತ್ತದೆ. ಶುದ್ಧ ನೀರಿನ ಘಟಕ ಬರುವ ಮುಂಚೆ ಅಮ್ಮ ಐವತ್ತು ವರ್ಷ ಆ ನೀರನ್ನೇ ಕುಡಿದಿದ್ದಾಳೆ. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ದಪ್ಪಗಟ್ಟಿತ್ತು, ಅವಳ ನೋವು ಆ ಫ್ಲೋರೈಡಿನದು. ನಾನು ಔಷಧಿ ಕೊಟ್ಟದ್ದು ನನ್ನ ನೋವಿಗೆ, ಕುಡಿದದ್ದು ಅವಳು.

ಇಷ್ಟನ್ನೂ ಫೋನಿನಲ್ಲಿ ಹೇಳಿದೆ. ತಂಗಿ ಸುಮಾರು ಹೊತ್ತು ಮಾತಾಡಲಿಲ್ಲ. "ಮತ್ತೆ ನಾನೇನ್ ಮಾಡ್ಲಿ?" ಅಂದಳು.

ಇಬ್ಬರೂ ಸೇರಿ ನಿಯಮ ಓದಿದೆವು. ಆಸ್ಟ್ರೇಲಿಯಾದಲ್ಲಿ ದಿನಕ್ಕೆ 25 ಮೈಕ್ರೋಗ್ರಾಂ, ಅಂದರೆ 1,000 ಯೂನಿಟ್‌ವರೆಗೆ ಯಾರು ಬೇಕಾದರೂ ಕೊಳ್ಳಬಹುದು. ವಾರಕ್ಕೊಂದರಂತೆ 7,000 ಯೂನಿಟ್‌ನದು ಫಾರ್ಮಸಿಸ್ಟ್ ಜೊತೆ ಮಾತಾಡಿದರೆ ಸಿಗುತ್ತದೆ. ಅದಕ್ಕೂ ಮೇಲೆ ಚೀಟಿ ಬೇಕೇ ಬೇಕು. ಅಂಚೆಯಲ್ಲಿ ತರಿಸುವುದಾದರೆ ಆ ಚೀಟಿ ಅಲ್ಲಿ ನೋಂದಣಿಯಾದ ಡಾಕ್ಟರದೇ ಆಗಬೇಕು, ತುಮಕೂರಿನದು ನಡೆಯದು. ಪ್ರಯಾಣಿಕರು ತಮ್ಮ ಬಳಕೆಗೆ ಡಾಕ್ಟರ ಚೀಟಿಯೊಂದಿಗೆ ಮೂರು ತಿಂಗಳಿಗಾಗುವಷ್ಟು ಔಷಧಿ ಕೈಯಲ್ಲಿ ಒಯ್ಯಬಹುದು. ರವಿಕೆ ಮಧ್ಯ ಬಚ್ಚಿಟ್ಟು ಕಳಿಸುವ ದಾರಿ ಎಲ್ಲೂ ಇರಲಿಲ್ಲ.

ಮೊದಲು ಪರೀಕ್ಷೆ ಮಾಡಿಸು ಅಂದೆ. ಅಲ್ಲಿ ಎಲ್ಲರಿಗೂ ಈ ಪರೀಕ್ಷೆಯ ದುಡ್ಡು ಸರ್ಕಾರ ಕೊಡುವುದಿಲ್ಲವಂತೆ; ಮೈಬಣ್ಣ ತುಂಬ ಕಪ್ಪಾಗಿದ್ದರೆ, ಬಿಸಿಲೇ ಕಾಣದ ಬದುಕಾಗಿದ್ದರೆ ಕೊಡುತ್ತದಂತೆ. ಚಿಕ್ಕಂದಿನಲ್ಲಿ "ಕಪ್ಪು ಹುಡುಗಿ" ಎಂದು ನೆಂಟರೆಲ್ಲ ಗೋಳು ಹೊಯ್ದುಕೊಂಡವಳು ಅವಳು. "ಈ ಬಣ್ಣದಿಂದ ಮೊದಲನೇ ಸಲ ಲಾಭ ಆಯ್ತಕ್ಕ" ಎಂದು ನಕ್ಕಳು.

ರಿಪೋರ್ಟ್ ಬಂತು: 28. ಅಮ್ಮ ಪಕ್ಕದಲ್ಲೇ ಇದ್ದಳು. "ನಿನಗೆ 14 ಇತ್ತಲ್ಲ, ಅವಳಿಗೆ ಎರಡರಷ್ಟಿದೆ, ಇನ್ನೇನ್ ಬೇಕಂತೆ?" ನಾನೂ ಹಾಗೇ ಅಂದುಕೊಂಡೆ. ಆಮೇಲೆ ಕಣ್ಣಿಗೆ ಬಿದ್ದದ್ದು ಅಂಕಿಯ ಪಕ್ಕದ ಸಣ್ಣಕ್ಷರ. ನಮ್ಮ ಲ್ಯಾಬಿನವರು ನ್ಯಾನೋಗ್ರಾಂನಲ್ಲಿ ಕೊಡುತ್ತಾರೆ, ಅವರದು ನ್ಯಾನೋಮೋಲ್. ಅವರ ಅಂಕಿಯನ್ನು ಎರಡೂವರೆಯಿಂದ ಭಾಗಿಸಿದರೆ ನಮ್ಮದು ಸಿಗುತ್ತದೆ. 28 ಅಂದರೆ ನಮ್ಮ ಲೆಕ್ಕದಲ್ಲಿ 11.

ಅಲ್ಲಿಯ ಡಾಕ್ಟರು ವಾರದ 7,000ದ್ದರಿಂದ ಶುರು ಮಾಡಿಸಿದರು. ಅದನ್ನು ಸರಿಯಾಗಿ ನುಂಗಲಿಲ್ಲ ಬಿಡಿ, ಅವಳ ಸ್ವಭಾವವೇ ಹಾಗೆ. ಡಿಸೆಂಬರಿನಲ್ಲಿ ಊರಿಗೆ ಬಂದಾಗ ನನ್ನ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋದೆ. ಹೊಸದಾಗಿ ಡಿ, ಕ್ಯಾಲ್ಸಿಯಂ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದರು, ಕಿಡ್ನಿಯಲ್ಲಿ ಕಲ್ಲು ಆಗಿತ್ತಾ ಎಂದು ಕೇಳಿದರು, ಬಸುರಿಯಲ್ಲವೆಂದು ಖಾತ್ರಿ ಮಾಡಿಕೊಂಡರು. ಎಂಟು ಪೊಟ್ಟಣ ಬರೆದರು. "ಭಾನುವಾರಕ್ಕೊಂದು" ಎಂದು ಕನ್ನಡದಲ್ಲೇ ಬರೆಯಿರಿ ಅಂದೆ. ನಗುತ್ತಾ ಬರೆದರು. ಒಂದನ್ನು ಇಲ್ಲೇ ಕುಡಿಸಿದೆ. ಉಳಿದ ಏಳನ್ನು ಅಂಗಡಿಯ ಡಬ್ಬಿಯಲ್ಲೇ ಬಿಟ್ಟು, ಬಿಲ್ಲು, ಡಾಕ್ಟರ ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷಿನ ಪತ್ರ, ಎಲ್ಲ ಒಂದು ಕವರಿಗೆ ಹಾಕಿದೆ. ವಿಮಾನದಲ್ಲಿ ಕೊಡುವ ಫಾರಂನಲ್ಲಿ ಔಷಧಿ ಇದೆ ಎಂದು ತುಂಬಿಸು ಎಂದು ಮೂರು ಸಲ ಹೇಳಿ ಕಳಿಸಿದೆ.

ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪತ್ರ ನೋಡಿ ಅರ್ಧ ನಿಮಿಷದಲ್ಲಿ ವಾಪಸ್ ಕೊಟ್ಟನಂತೆ. ಕಾಲು ಗಂಟೆ ಹಿಡಿದದ್ದು ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿ.

ಈಗ ಅವಳು ಕುಡಿಯುವುದು, ಮೊದಲು ಬೈದುಕೊಂಡಿದ್ದಳಲ್ಲ, ಅದೇ ಅಂಗಡಿಯ 1,000ದ್ದು, ದಿನಕ್ಕೊಂದು. ಮೊನ್ನೆ ರಿಪೋರ್ಟ್ ಕಳಿಸಿದ್ದಳು: 80. ಅಮ್ಮ ಎದೆ ಹಿಡಿದುಕೊಂಡಳು. "ಅಯ್ಯೋ, ಅವಳಿಗೂ ನನ್ ಹಂಗೇ ಆಯ್ತೇನೇ?" "ಎರಡೂವರೆಯಿಂದ ಭಾಗಿಸಮ್ಮ" ಅಂದೆ. ಬೆರಳು ಮಡಚಿ ಲೆಕ್ಕ ಹಾಕಿ, ಮೂವತ್ತೆರಡು ಅಂದಳು.