ನಮ್ಮ ಡ್ರೈವರಿನ ಒಂಬತ್ತು ಕ್ಯಾಶ್‌ಗಳು

ಶುರುವಾದದ್ದು ಒಂದು ಮೆಮೊರಿ ಲೀಕಿನಿಂದ, ಅಂದರೆ ತೆಗೆದುಕೊಂಡ ಮೆಮೊರಿಯನ್ನು ಹಿಂತಿರುಗಿಸದೆ ಬಿಟ್ಟದ್ದರಿಂದ. ನಮ್ಮ ಸ್ಟೋರೇಜ್ ಡ್ರೈವರ್ ಹಾಕಿದ ಲಿನಕ್ಸ್ ಸರ್ವರುಗಳಲ್ಲಿ ವಾರಕ್ಕೊಂದು ಸಲ ಮೆಮೊರಿ ಖಾಲಿಯಾಗುತ್ತಿತ್ತು. ಕರ್ನಲ್ (ಲಿನಕ್ಸ್‌ನ ತಿರುಳು) ಒಂದೇ ಬಗೆಯ ಮೆಮೊರಿ ತುಣುಕುಗಳನ್ನು, ಅಂದರೆ ಆಬ್ಜೆಕ್ಟ್‌ಗಳನ್ನು, ಒಂದೊಂದು ‘ಕ್ಯಾಶ್’ ಎಂಬ ಸಂಗ್ರಹದಲ್ಲಿ ಇಡುತ್ತದೆ. ಅವುಗಳ ಗಾತ್ರ ತೋರಿಸುವ ಸ್ಲ್ಯಾಬ್‌ಟಾಪ್ ಹಾಕಿ ನೋಡಿದರೆ ಉಬ್ಬುತ್ತಿದ್ದದ್ದು ಯಾವುದೋ ಫೈಲ್‌ಸಿಸ್ಟಮ್ ಹೆಸರಿನ ಕ್ಯಾಶ್. ಸದ್ಯ, ನಮ್ಮದಲ್ಲ ಅಂದುಕೊಂಡು ಎರಡು ದಿನ ಆ ಫೈಲ್‌ಸಿಸ್ಟಮ್ಮಿನ ಕೋಡ್ ಓದಿದೆ. ಏನೂ ಸಿಗಲಿಲ್ಲ. ನಮ್ಮ ಮಾಡ್ಯೂಲನ್ನು (ಕರ್ನಲ್‌ಗೆ ಸೇರಿಸಿದ ಡ್ರೈವರ್ ಕೋಡನ್ನು) ಇಳಿಸಿದೆ. ಅದು ತುಟಿ ಪಿಟಕ್ಕೆನ್ನದೆ ಇಳಿಯಿತು. ಕ್ಯಾಶ್ ಮುಚ್ಚುವಾಗ ಒಳಗೆ ಆಬ್ಜೆಕ್ಟ್ ಉಳಿದಿದ್ದರೆ ಕರ್ನಲ್ ಕೂಗಿ ಹೇಳುತ್ತದೆ ಅನ್ನುವುದು ಗೊತ್ತಿತ್ತು. ಕೂಗಲಿಲ್ಲ ಅಂದರೆ ನಾವು ಶುದ್ಧಹಸ್ತರು ಎಂದೇ ತಿಳಿದೆ.

ಅನುಮಾನ ಬಂದದ್ದು ಆಮೇಲೆ. ನಮ್ಮ ಮಾಡ್ಯೂಲ್ ಒಂಬತ್ತು ಕ್ಯಾಶ್ ತೆರೆಯುತ್ತದೆ, ಆದರೆ ಕ್ಯಾಶ್‌ಗಳ ಪಟ್ಟಿಯಾದ ಸ್ಲ್ಯಾಬ್‌ಇನ್ಫೊದಲ್ಲಿ ನಮ್ಮ ಹೆಸರು ಕಂಡದ್ದು ನಾಲ್ಕೇ ಕಡೆ. ಕರ್ನಲ್ ತನ್ನ ಒಳವಿವರಗಳನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ ಸ್ಲ್ಯಾಬ್ ಫೋಲ್ಡರಿಗೆ ಹೋಗಿ ಪಟ್ಟಿ ಹಾಕಿದಾಗ ಗುಟ್ಟು ಹೊರಬಿತ್ತು: ಉಳಿದ ಐದೂ ಬರೀ ಸಿಮ್‌ಲಿಂಕ್. ಒಂದು ‘:0000128’ ಎಂಬ ಡೈರೆಕ್ಟರಿಯತ್ತ ಬೊಟ್ಟು ಮಾಡುತ್ತಿತ್ತು, ಆ ಫೈಲ್‌ಸಿಸ್ಟಮ್ಮಿನ ಕ್ಯಾಶೂ ಅಲ್ಲಿಗೇ. ಗಾತ್ರ, ಫ್ಲ್ಯಾಗ್ (ಆಯ್ಕೆಯ ಗುರುತು) ಹೊಂದಿದರೆ ಸ್ಲಬ್ ಎಂಬ ಅಲೊಕೇಟರ್ (ಮೆಮೊರಿ ಹಂಚುವ ಕೋಡ್) ಎರಡು ಕ್ಯಾಶ್‌ಗಳನ್ನು ಒಂದೇ ಮಾಡಿಬಿಡುತ್ತದೆ. ಹೆಸರು ಮೊದಲು ಬಂದವರದ್ದು. ನಾವು ಮುಚ್ಚಿದಾಗ ಪಾಲುದಾರರ ಲೆಕ್ಕದಲ್ಲಿ ಒಂದು ಕಡಿಮೆಯಾಗುತ್ತದೆ ಅಷ್ಟೆ, ಒಳಗೆ ಏನು ಉಳಿದಿದೆ ಎಂದು ಯಾರೂ ಎಣಿಸುವುದಿಲ್ಲ. ಬೂಟ್ ಸಾಲಿಗೆ ಈ ಕೂಡಿಕೆಯನ್ನು ತಡೆಯುವ ಸ್ಲ್ಯಾಬ್_ನೋಮರ್ಜ್ ಸೇರಿಸಿ ಮತ್ತೆ ಓಡಿಸಿದೆ. ಈ ಸಲ ಮಾಡ್ಯೂಲ್ ಇಳಿಸುತ್ತಲೇ ‘ಆಬ್ಜೆಕ್ಟ್ಸ್ ರಿಮೇನಿಂಗ್’ ಎಂದು ಡಿಮೆಸೇಜ್ (ಕರ್ನಲ್ ಸಂದೇಶಗಳ ಲಾಗ್) ತುಂಬಾ ರಾಡಿ. ಕಳ್ಳ ಮನೆಯವನೇ. ಒಂದು ಎರರ್ ಪಾತ್‌ನಲ್ಲಿ ಫ್ರೀ ಮಾಡುವುದನ್ನು ಮರೆತಿದ್ದೆವು. ಒಂದು ಸಾಲಿನ ಪ್ಯಾಚ್.

ಆದರೆ ಆ ಒಂಬತ್ತು ಕ್ಯಾಶ್‌ಗಳು ತಲೆಯಲ್ಲಿ ಕೂತುಬಿಟ್ಟವು. ಇಷ್ಟೊಂದು ಯಾಕೆ? ಹಳೆಯ ಕೋಡಿನಲ್ಲಿ ಯಾರೋ ಒಂದು ಬರೆದರು, ಮುಂದಿನವರು ಅದನ್ನೇ ಕಾಪಿ ಹೊಡೆದು ಸ್ಟ್ರಕ್ಟಿನ (ಆಬ್ಜೆಕ್ಟಿನ ಒಳರಚನೆ ಹೇಳುವ ಕೋಡಿನ) ಹೆಸರು ಬದಲಿಸಿದರು. ಅವರಲ್ಲಿ ನಾನೂ ಒಬ್ಬ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಸ್ಲ್ಯಾಬ್ ಎಂಬ ವಿಚಾರವನ್ನು 1994ರಲ್ಲಿ ಜೆಫ್ ಬಾನ್ವಿಕ್ ಸೊಲಾರಿಸ್ 2.4ರ ಸಂದರ್ಭದಲ್ಲಿ ಪ್ರಕಟಿಸಿದರು. ಒಂದೇ ಬಗೆಯ ಆಬ್ಜೆಕ್ಟ್‌ಗಳನ್ನು ಒಂದೆಡೆ ಜೋಡಿಸಿಡು, ಒಮ್ಮೆ ಸಿದ್ಧಪಡಿಸಿದ್ದನ್ನು ಹಾಗೇ ಮರುಬಳಸು ಎಂಬುದು ಅದರ ತಿರುಳು. ಲಿನಕ್ಸ್‌ನಲ್ಲಿ ಬಹುಕಾಲ ಸ್ಲ್ಯಾಬ್, ಸ್ಲಬ್, ಸ್ಲಾಬ್ ಎಂದು ಮೂರು ಅಲೊಕೇಟರುಗಳಿದ್ದವು (ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಮೀಟಿಂಗಿನಲ್ಲಿ ನಗು ಗ್ಯಾರಂಟಿ). 2023ರಲ್ಲಿ 6.4ಕ್ಕೆ ಸ್ಲಾಬ್ ಹೋಯಿತು, 2024ರಲ್ಲಿ 6.8ಕ್ಕೆ ಸ್ಲ್ಯಾಬ್ ಹೋಯಿತು, ಉಳಿದದ್ದು ಸ್ಲಬ್ ಒಂದೇ. ಕರ್ನಲ್ಲೇ ಮನೆ ಸ್ವಚ್ಛ ಮಾಡಿಕೊಂಡಿರುವಾಗ ನಮಗೇನು ಧಾಡಿ?

ನಾಲ್ಕು ಕ್ಯಾಶ್‌ಗಳ ವಿಷಯದಲ್ಲಿ ಯೋಚಿಸುವುದೇ ಬೇಕಿರಲಿಲ್ಲ. ಡ್ರೈವರ್ ಏಳುವಾಗ ಹತ್ತಿಪ್ಪತ್ತು ಕಾನ್ಫಿಗ್ ಆಬ್ಜೆಕ್ಟ್, ಆಮೇಲೆ ಜೀವಮಾನವಿಡೀ ಒಂದೂ ಇಲ್ಲ. ಕರ್ನಲ್‌ನ ಸಾಮಾನ್ಯ ಮೆಮೊರಿ ಕರೆಯಾದ ಕೆಮ್ಯಾಲಕ್ ಹಾಕಿ ಮುಗಿಸಿದೆ. ಸಿದ್ಧ ಗಾತ್ರದ ಡಬ್ಬಿಗಳಿಂದ ಅದು ಜಾಗ ಕೊಡುತ್ತದೆ.

ಐದನೆಯದು 72 ಬೈಟಿನದ್ದು, ಲೀಕ್ ಆದದ್ದೂ ಅದೇ. ಇಲ್ಲಿ ನನಗೆ ಸ್ವಲ್ಪ ನಾಚಿಕೆಯಾಯಿತು. ‘ಕೆಮ್ಯಾಲಕ್ ಮಾಡಿದರೆ 96ರ ಡಬ್ಬಿಗೆ ಹೋಗುತ್ತದೆ, 24 ಬೈಟ್ ದಂಡ’ ಎಂದು ಕಾಮೆಂಟ್ ಬರೆದು ಪ್ರತ್ಯೇಕ ಕ್ಯಾಶ್ ಮಾಡಿದ್ದವನು ನಾನೇ. ಲೆಕ್ಕ ಸರಿ: 4096 ಬೈಟಿನ ಪುಟದಲ್ಲಿ 72ರವು 56 ಹಿಡಿಯುತ್ತವೆ, 96ರವು 42. ಆದರೆ ಅದೇ ಸಾಲಿನಲ್ಲಿ ಹಾರ್ಡ್‌ವೇರ್ ಕ್ಯಾಶ್ ಅಲೈನ್ ಫ್ಲ್ಯಾಗನ್ನೂ ಅಭ್ಯಾಸಬಲದಿಂದ ಬರೆದಿದ್ದೆ. 64 ಬೈಟಿನ ಕ್ಯಾಶ್‌ಲೈನಿಗೆ (ಇದು ಪ್ರೊಸೆಸರಿನ ಕ್ಯಾಶ್, ಅದು ಒಮ್ಮೆಗೆ ತರುವ ತುಂಡು) ಹೊಂದಿಸಿದಾಗ 72 ಹಿಗ್ಗಿ 128 ಆಗುತ್ತದೆ, ಪುಟಕ್ಕೆ 32 ಮಾತ್ರ. ಉಳಿತಾಯಕ್ಕೆಂದು ಮಾಡಿದ ಕ್ಯಾಶ್ ಸಾಮಾನ್ಯ ಕೆಮ್ಯಾಲಕ್‌ಗಿಂತ ದುಂದು ಮಾಡುತ್ತಿತ್ತು, ಅದೂ ವರ್ಷಗಟ್ಟಲೆ. ಫೈಲ್‌ಸಿಸ್ಟಮ್ಮಿನವರ ಜೊತೆ ಕೂಡಿಕೊಂಡದ್ದೂ ಆ 128ರ ದೆಸೆಯಿಂದಲೇ. ಇದೂ ಕೆಮ್ಯಾಲಕ್ ಆಯಿತು.

ಆರನೆಯದರಲ್ಲಿ ಎಡವಿದೆ. ಅದಕ್ಕೊಂದು ಕನ್‌ಸ್ಟ್ರಕ್ಟರ್ ಇತ್ತು: ಪುಟ ಬಂದಾಗ ಒಮ್ಮೆ ಸ್ಪಿನ್‌ಲಾಕ್ (ಬೀಗ), ಲಿಸ್ಟ್‌ಹೆಡ್ (ಮುಂದಿನ, ಹಿಂದಿನ ಕೊಂಡಿಗಳಾದ ನೆಕ್ಸ್ಟ್, ಪ್ರೆವ್ ಇರುವ ಪಟ್ಟಿಯ ತಲೆ) ಸಿದ್ಧಪಡಿಸಿಡುವುದು, ಬಳಸಿದವರು ಲಿಸ್ಟ್ ಖಾಲಿ ಮಾಡಿಯೇ ಹಿಂತಿರುಗಿಸುವುದು. ಬಾನ್ವಿಕ್‌ರ ಮೂಲ ಉಪಾಯ ಅದೇ. ಕನ್‌ಸ್ಟ್ರಕ್ಟರ್ ಇನ್ನೊಂದು ಫೈಲಿನಲ್ಲಿದ್ದುದರಿಂದ ನಾನು ಗಮನಿಸದೆ ಕೆಜ್ಯಾಲಕ್ (ಸೊನ್ನೆ ತುಂಬಿ ಕೊಡುವ ಕೆಮ್ಯಾಲಕ್) ಹಾಕಿದೆ. ಬೂಟ್ ಆಯಿತು, ಸಣ್ಣ ಟೆಸ್ಟುಗಳೂ ಪಾಸಾದವು. ಸೊನ್ನೆ ತುಂಬಿದ ಸ್ಪಿನ್‌ಲಾಕ್ ಎಕ್ಸ್86ರಲ್ಲಿ ತೆರೆದ ಬೀಗವೇ, ಹಾಗಾಗಿ ಅದು ಸುಮ್ಮನಿತ್ತು. ಲೋಡ್ ಹಾಕಿದ ಮೇಲೆ ಊಪ್ಸ್ (ಕರ್ನಲ್ ದೋಷದ ವರದಿ): ನಲ್ ಪಾಯಿಂಟರ್, ವಿಳಾಸ 8. ತಂಡದ ಕಿರಿಯ ಹುಡುಗಿ ಹಿಂದಿನಿಂದ ಸ್ಕ್ರೀನ್ ನೋಡಿ, “ಸರ್, ಎಂಟು ಅಂದ್ರೆ ಲಿಸ್ಟ್‌ಹೆಡ್‌ನ ಪ್ರೆವ್ ಅಲ್ವಾ? ಹೆಡ್ಡನ್ನ ಇನಿಟ್ ಮಾಡೋದು ಎಲ್ಲಿ?” ಎಂದಳು. ಎಲ್ಲೂ ಇರಲಿಲ್ಲ. ಲಿಸ್ಟಿಗೆ ಸೇರಿಸುವಾಗ ಹೆಡ್ಡಿನ ನೆಕ್ಸ್ಟ್ ನಲ್, ಅದರ ಪ್ರೆವ್ ಬರೆಯಲು ಹೋದರೆ 8ನೆಯ ಬೈಟು. ಇನಿಟ್ ಸಾಲುಗಳನ್ನು ಅಲೊಕೇಟ್ ಮಾಡುವ ಜಾಗಕ್ಕೇ ತಂದೆ. ಪ್ರತಿ ಸಲ ಎರಡು ಸಾಲು ಹೆಚ್ಚು ಓಡುತ್ತದೆ, ನಮ್ಮ ಅಳತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಓದುವವನ ಕಣ್ಣೆದುರೇ ಇರುತ್ತದೆ ಎಂಬುದು ನನಗೆ ಹೆಚ್ಚು ಮುಖ್ಯ.

ಮೂರನ್ನು ಉಳಿಸಿಕೊಂಡೆ. ಒಂದು, ಟೈಪ್‌ಸೇಫ್ ಬೈ ಆರ್‌ಸಿಯು ಫ್ಲ್ಯಾಗಿನದು. ಅಲ್ಲಿ ಹುಡುಕಾಟ ಬೀಗವಿಲ್ಲದೆ ನಡೆಯುತ್ತದೆ. ಕೈಯಲ್ಲಿರುವ ಆಬ್ಜೆಕ್ಟ್ ಅಷ್ಟರಲ್ಲೇ ಫ್ರೀ ಆಗಿ ಬೇರೊಂದಾಗಿ ಮರುಬಳಕೆಯಾಗಿರಬಹುದು, ಆದರೆ ಅದೇ ಬಗೆಯದ್ದಾಗಿರುತ್ತದೆ ಎಂಬ ಭರವಸೆಯ ಮೇಲೆ ಇಡೀ ಕೋಡ್ ನಿಂತಿದೆ. ಮುಟ್ಟಲಿಲ್ಲ. ಇನ್ನೊಂದರಲ್ಲಿ ಎನ್‌ಕ್ರಿಪ್ಷನ್ ಕೀಗಳಿವೆ. ಸಂಖ್ಯೆ ಬೆರಳೆಣಿಕೆಯದ್ದು, ನನ್ನದೇ ಲೆಕ್ಕದ ಪ್ರಕಾರ ಕೆಮ್ಯಾಲಕ್ ಸಾಕು. ಆದರೆ ಯೂಸರ್‌ಕಾಪಿ ಹಾರ್ಡನಿಂಗ್ ಎಂಬ ರಕ್ಷಣೆ ಇರುವ ಕರ್ನಲ್‌ನಲ್ಲಿ ಮಾಮೂಲಿ ಪ್ರತ್ಯೇಕ ಕ್ಯಾಶಿನ ಆಬ್ಜೆಕ್ಟನ್ನು ನೇರವಾಗಿ ಯೂಸರ್‌ಸ್ಪೇಸಿಗೆ (ಕರ್ನಲ್ ಹೊರಗಿನ ಪ್ರೋಗ್ರಾಮುಗಳಿಗೆ) ಕಾಪಿ ಮಾಡಲು ಹೋದರೆ ಕರ್ನಲ್ ತಡೆಯುತ್ತದೆ. ಕೆಮ್ಯಾಲಕ್‌ನದ್ದಕ್ಕೆ ಆಬ್ಜೆಕ್ಟ್ ಪೂರ್ತಿ ಕಾಪಿಗೆ ಪರವಾನಗಿ ಇದೆ. ಕೀ ವಿಷಯದಲ್ಲಿ ಆ ತಡೆ ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಮೂರನೆಯದು ರಿಕ್ವೆಸ್ಟ್ ಆಬ್ಜೆಕ್ಟ್, ಡ್ರೈವರಿನ ಅನ್ನದ ತಟ್ಟೆ. 264 ಬೈಟ್. ಕೆಮ್ಯಾಲಕ್‌ಗೆ ಕೊಟ್ಟರೆ 512ರ ಡಬ್ಬಿ, ಅರ್ಧಕ್ಕರ್ಧ ಗಾಳಿ. ಸ್ಟ್ರಕ್ಟಿನೊಳಗಿನ ಖಾಲಿ ಜಾಗ ತೋರಿಸುವ ಪಾಹೋಲ್ ಓಡಿಸಿ ನೋಡಿದೆ: ಒಂದು ಬೈಟಿನ ಫ್ಲ್ಯಾಗ್, ಅದರ ಹಿಂದೆ 7 ಬೈಟ್ ತೂತು. ನಾಲ್ಕು ಫೀಲ್ಡ್ ದಾಟಿ ಒಂದು ಬೈಟಿನ ಸ್ಟೇಟ್, ಮತ್ತೆ 7 ಬೈಟ್ ತೂತು. ಎರಡನ್ನೂ ಅಕ್ಕಪಕ್ಕ ಕೂರಿಸಿದೆ. 256. ಇಷ್ಟೂ ಕೆಲಸದಲ್ಲಿ ನನಗೆ ತೀರಾ ಖುಷಿ ಕೊಟ್ಟದ್ದು ಆ ಒಂದು ಸಾಲಿನ ಸ್ಥಳಾಂತರ. ಆಮೇಲೆ ಕೆಮ್ಯಾಲಕ್ 256ಕ್ಕೆ ಸರಿಹೊಂದುತ್ತಿತ್ತು, ಆದರೂ ಸ್ವಂತ ಕ್ಯಾಶ್ ಬಿಡಲಿಲ್ಲ. ಬದಲಿಗೆ ಮರ್ಜ್ ಆಗದಂತೆ ಫ್ಲ್ಯಾಗ್ ಹಾಕಿದೆ. ಮತ್ತೆಂದಾದರೂ ಲೀಕ್ ಆದರೆ ನಮ್ಮ ಹೆಸರಿನಲ್ಲೇ ಕಾಣಲಿ.

ಕೊನೆಗೆ, ಉಳಿದ ಮೂರನ್ನೂ ಚೊಕ್ಕ ಮಾಡುವ ಹುಮ್ಮಸ್ಸಿನಲ್ಲಿ ಕ್ಯಾಶ್ ತೆರೆಯುವ ಐದು ಆರ್ಗ್ಯುಮೆಂಟಿನ ಉದ್ದದ ಕರೆ ತೆಗೆದು ಕೆಮೆಮ್_ಕ್ಯಾಶ್ ಮ್ಯಾಕ್ರೊ ಹಾಕಿದೆ. ಸ್ಟ್ರಕ್ಟಿನ ಹೆಸರು, ಫ್ಲ್ಯಾಗ್ ಕೊಟ್ಟರೆ ಗಾತ್ರ, ಅಲೈನ್‌ಮೆಂಟ್ ಎಲ್ಲ ಅದೇ ನೋಡಿಕೊಳ್ಳುತ್ತದೆ. ರಿಲೀಸ್ ಹೋದ ಮೂರನೇ ದಿನ ಸಪೋರ್ಟಿನವರ ಫೋನು: “ಸರ್, ನಿಮ್ಮ ಹೊಸ ಡ್ರೈವರ್ ಮೆಮೊರಿನೇ ತಗೊಳ್ತಿಲ್ಲ! ಗ್ರಾಫ್ ಸೊನ್ನೆ ಮೇಲೆ ಮಲಗಿದೆ.” ಮ್ಯಾಕ್ರೊ ಸ್ಟ್ರಕ್ಟಿನ ಹೆಸರನ್ನೇ ಕ್ಯಾಶಿಗೂ ಇಡುತ್ತದೆ. ಅವರ ಸ್ಕ್ರಿಪ್ಟ್ ಸ್ಲ್ಯಾಬ್‌ಇನ್ಫೊದಲ್ಲಿ ಹಳೆಯ ಹೆಸರನ್ನು ಗ್ರೆಪ್ ಮಾಡಿ ಹುಡುಕುತ್ತಿತ್ತು. ರಿಕ್ವೆಸ್ಟ್ ಕ್ಯಾಶನ್ನು ಮತ್ತೆ ಉದ್ದದ ಕರೆಗೇ ತಿರುಗಿಸಿ, ಮೇಲೊಂದು ಕಾಮೆಂಟ್ ಬರೆದೆ: ‘ಹೆಸರು ಬದಲಿಸಬೇಡಿ, ಸಪೋರ್ಟ್ ಫೋನ್ ಮಾಡುತ್ತದೆ.’