ಪ್ರತಿಭಾ ಕಾರಂಜಿಯಲ್ಲಿ ಅಂಕ ಹಾಕುವುದು ಹೇಗೆ?

ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದಲ್ಲಿ ನಡೆಯುವ ದಿನ ಗೊತ್ತಾಗುತ್ತಲೇ ಸಿಆರ್‌ಪಿಯವರ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ, ಫೋನ್ ಬರುತ್ತದೆ: ‘ಮೇಡಂ, ಭಾವಗೀತೆಗೆ ನೀವು ಕೂತ್ಕೊಳ್ಳಿ, ಹಂಗೇ ಜನಪದ ಗೀತೆಗೂ ಇದ್ದುಬಿಡಿ.’ ಹೂಂ ಎಂದವರೆಲ್ಲ ಸಂಗೀತ ಕಲಿತವರೇನಲ್ಲ. ಗಣಿತದ ಮೇಷ್ಟ್ರು ಭರತನಾಟ್ಯಕ್ಕೆ ಅಂಕ ಹಾಕುವ ಪ್ರಸಂಗವೂ ಬರುತ್ತದೆ. ಕಲೆ ಗೊತ್ತಿದ್ದರೆ ಒಳ್ಳೆಯದೇ. ಆದರೆ ಈ ಹಂತದಲ್ಲಿ ಕಲೆ ಗೊತ್ತಿಲ್ಲದೆ ತೀರ್ಪು ಎಡವುವುದಕ್ಕಿಂತ, ಅಂಕದ ಹಾಳೆ ತುಂಬಲು ಬಾರದೆ ಎಡವುವುದೇ ಜಾಸ್ತಿ. ಮೊದಲ ಸ್ಥಾನ ಬಂದವರಷ್ಟೇ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ರಾಜ್ಯಕ್ಕೆ ಹೋಗುವುದರಿಂದ ಒಂದು ಅಂಕದ ಎಡವಟ್ಟಿಗೂ ಬೆಲೆಯಿದೆ.

ಶುರುವಾಗುವ ಮೊದಲು

ಜೊತೆಗೆ ಕೂರುವ ತೀರ್ಪುಗಾರರೊಂದಿಗೆ ಹತ್ತು ನಿಮಿಷ ಮಾತಾಡಿಕೊಳ್ಳಿ. ಯಾವುದಕ್ಕೆ ಎಷ್ಟು ಅಂಕ, ಸಮಯ ಮೀರಿದರೆ ಎಷ್ಟು ಕಡಿತ, ಸಾಹಿತ್ಯ ಮರೆತು ನಿಂತ ಮಗುವಿಗೆ ಎರಡನೇ ಅವಕಾಶ ಉಂಟೋ ಇಲ್ಲವೋ ಎಂಬುದೆಲ್ಲ ಮೊದಲ ಮಗು ವೇದಿಕೆ ಹತ್ತುವ ಮುನ್ನವೇ ತೀರ್ಮಾನವಾಗಿರಬೇಕು. ಇಲಾಖೆಯ ಸುತ್ತೋಲೆಯಲ್ಲಿ ನಿಯಮವಿದ್ದರೆ ಅದೇ ಅಂತಿಮ. ಸುತ್ತೋಲೆಯ ಪ್ರತಿ ಮೇಜಿನ ಮೇಲಿರಲಿ.

ಅಂಕ ಹಂಚುವಾಗ ಒಂದೇ ಗುಣವನ್ನು ಎರಡೆರಡು ಸಲ ಎಣಿಸಬೇಡಿ. ‘ಭಾವ’, ‘ಪ್ರಸ್ತುತಿ’, ‘ಒಟ್ಟಾರೆ ಪರಿಣಾಮ’ ಎಂದು ಮೂರು ಕಾಲಂ ಮಾಡಿದರೆ, ನಿಮಗೆ ಹಿಡಿಸಿದ ಮಗು ಮೂರರಲ್ಲೂ ಬಾಚಿಕೊಳ್ಳುತ್ತದೆ. ಶ್ರುತಿ ಒಂದೇ ಕಾಲಂನಲ್ಲಿ ಬಡವಾಗಿ ಕೂರುತ್ತದೆ. ಭಾವಗೀತೆಗೆ ಶ್ರುತಿ, ಲಯ, ಸಾಹಿತ್ಯಶುದ್ಧಿ, ಭಾವ ಇಷ್ಟು ಸಾಕು.

ನಿಮ್ಮ ಶಾಲೆಯ ಮಗು, ನಿಮ್ಮಲ್ಲಿ ಮನೆಪಾಠಕ್ಕೆ ಬರುವ ಮಗು ಸ್ಪರ್ಧೆಯಲ್ಲಿದ್ದರೆ ಆ ವಿಭಾಗಕ್ಕೆ ಕೂರಬೇಡಿ. ‘ನಾನು ನಿಷ್ಪಕ್ಷಪಾತವಾಗೇ ಇರ್ತೀನಿ’ ಎಂಬ ಮಾತನ್ನು ಹಿಂದಿನ ಸಾಲಿನಲ್ಲಿ ಕೂತ ಪೋಷಕರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಮೊದಲ ಮೂವರಿಗೆ ಪೆನ್ಸಿಲ್

ಮೊದಲು ಹಾಡಿದ ಮಗುವಿಗೆ ಯಾರೂ ಧಾರಾಳವಾಗಿ ಅಂಕ ಕೊಡುವುದಿಲ್ಲ. ಮುಂದೆ ಇನ್ನೂ ಚೆನ್ನಾಗಿ ಹಾಡುವವರು ಬಂದಾರೆಂದು ಕೈ ಬಿಗಿಯಾಗುತ್ತದೆ. ನಮ್ಮ ಹೋಬಳಿಯ ಮಾತಷ್ಟೇ ಅಲ್ಲ ಇದು. ಬ್ರಸೆಲ್ಸ್‌ನಲ್ಲಿ ನಡೆಯುವ ಕ್ವೀನ್ ಎಲಿಸಬೆತ್ ಪಿಯಾನೊ ಸ್ಪರ್ಧೆಯ ಫಲಿತಾಂಶಗಳನ್ನು ಅರ್ಥಶಾಸ್ತ್ರಜ್ಞರು ಕೆದಕಿ ನೋಡಿದಾಗ, ತಡವಾಗಿ ನುಡಿಸಿದವರೇ ಮೇಲಿನ ಸ್ಥಾನ ಪಡೆಯುವ ಒಲವು ಕಂಡುಬಂತು. ಅಲ್ಲಿ ಯಾರು ಯಾವಾಗ ನುಡಿಸಬೇಕೆಂಬುದು ಚೀಟಿ ಎತ್ತಿ ನಿರ್ಧಾರವಾಗುವಂಥದ್ದು, ಪ್ರತಿಭೆಗೂ ಅದಕ್ಕೂ ಸಂಬಂಧವಿಲ್ಲ.

ಆದ್ದರಿಂದ ಮೊದಲ ಮೂವರಿಗೆ ಪೆನ್ಸಿಲ್‌ನಲ್ಲಿ ಅಂಕ ಹಾಕಿ, ಪಕ್ಕದಲ್ಲಿ ಟಿಪ್ಪಣಿ ಬರೆಯಿರಿ. ಮೂರನೆಯವರು ಮುಗಿಸಿದ ಮೇಲೆ ಮೂರನ್ನೂ ಒಟ್ಟಿಗೆ ನೋಡಿ ತಿದ್ದಿ, ಆಮೇಲೆ ಪೆನ್ನು ಹಿಡಿಯಿರಿ. ಟೀ ಬಿಡುವಿನ ನಂತರವೂ ಇದೇ ತೊಂದರೆ: ಹೊಟ್ಟೆಗೆ ಬೋಂಡಾ ಬಿದ್ದ ಮೇಲೆ ಕೈ ಸಡಿಲವಾಗುತ್ತದೆ. ಬಿಡುವಿಗೆ ಮುಂಚಿನ ಇಬ್ಬರ ಟಿಪ್ಪಣಿ ಓದಿಕೊಂಡೇ ಮುಂದಿನವರನ್ನು ಕರೆಯಿರಿ.

ಟಿಪ್ಪಣಿ ಎಂದರೆ ‘ಚೆನ್ನಾಗಿದೆ’, ‘ಪರವಾಗಿಲ್ಲ’ ಅಲ್ಲ. ‘2ನೇ ಚರಣದ ಮೇಲಿನ ಸ್ವರ ಮುಟ್ಟಲಿಲ್ಲ. ಕೊನೆಗೆ ಓಡಿಸಿದಳು. ಉಚ್ಚಾರ ಸ್ವಚ್ಛ.’ ಹೀಗಿದ್ದರೆ ಹದಿನೈದನೇ ಮಗು ಹಾಡಿ ಮುಗಿಸಿದಾಗ ಎರಡನೇ ಮಗು ನೆನಪಿಗೆ ಬರುತ್ತದೆ.

ಹಾಡು: ಕಣ್ಣು ಮುಚ್ಚಿ ಕೇಳಿ

ಚಿಯಾ-ಜಂಗ್ ತ್ಸಾಯ್ ಎಂಬ ಸಂಶೋಧಕಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶಾಸ್ತ್ರೀಯ ಸಂಗೀತ ಸ್ಪರ್ಧೆಗಳ ತುಣುಕುಗಳಲ್ಲಿ ಗೆದ್ದವರು ಯಾರೆಂದು ಊಹಿಸುವುದರಲ್ಲಿ, ಬರೀ ಧ್ವನಿ ಕೇಳಿದವರಿಗಿಂತ ಧ್ವನಿಯಿಲ್ಲದ ವಿಡಿಯೊ ನೋಡಿದವರೇ ಮುಂದಿದ್ದರು. ಸಂಗೀತ ಬಲ್ಲವರ ಕಥೆಯೂ ಬೇರೆಯಾಗಿರಲಿಲ್ಲ. ಅಂದರೆ ತೀರ್ಪುಗಾರರು ಕೇಳುತ್ತಿದ್ದೇವೆ ಎಂದುಕೊಂಡು ನೋಡುತ್ತಿರುತ್ತಾರೆ. ಜರಿ ಲಂಗ, ಮಲ್ಲಿಗೆ ದಂಡೆ, ಕೈ ಬೀಸಿ ಹಾಡುವ ಠೀವಿ ಇವೆಲ್ಲ ಕಿವಿಯನ್ನು ಮರೆಸುತ್ತವೆ. ಪಲ್ಲವಿ ಮುಗಿಯುವವರೆಗಾದರೂ ಕಣ್ಣು ಮುಚ್ಚಿ ಕೇಳಿ.

ಶ್ರುತಿ ಪರೀಕ್ಷೆಗೆ ಸುಲಭದ ದಾರಿಯೊಂದಿದೆ. ಪಲ್ಲವಿಯ ಮೊದಲ ಸ್ವರವನ್ನು ಬಾಯಿ ಮುಚ್ಚಿಕೊಂಡೇ ಮೆಲ್ಲಗೆ ಗುನುಗಿಟ್ಟುಕೊಳ್ಳಿ. ಮಗು ಕೊನೆಯಲ್ಲಿ ಮತ್ತೆ ಪಲ್ಲವಿಗೆ ಬಂದಾಗ ಅದೇ ಎತ್ತರದಲ್ಲಿದೆಯೇ ಹೋಲಿಸಿ. ಹಾರ್ಮೋನಿಯಂ, ಶ್ರುತಿಪೆಟ್ಟಿಗೆ ಏನೂ ಇಲ್ಲದೆ ಹಾಡುವ ಹಳ್ಳಿ ಶಾಲೆಯ ಮಗು ಆರಂಭದಲ್ಲೇ ತೀರಾ ಮೇಲೆ ಹಿಡಿದು, ಚರಣಕ್ಕೆ ಬರುವಾಗ ಗಂಟಲು ಬಿಗಿದು, ನಿಧಾನಕ್ಕೆ ಇಡೀ ಹಾಡನ್ನೇ ಅರ್ಧ ಸ್ವರ ಕೆಳಗೆ ತಂದಿರುತ್ತದೆ. ಇದು ತಪ್ಪೇ, ಆದರೆ ಸಣ್ಣ ತಪ್ಪು; ಹಾಡಿನೊಳಗಿನ ಸ್ವರಗಳ ಅಂತರ ಸರಿಯಾಗಿದ್ದರೆ ಆ ಕಿವಿ ಒಳ್ಳೆಯದೇ. ಸಾಲುಸಾಲಿಗೆ ಬೇರೆ ಬೇರೆ ಸ್ವರ ತಪ್ಪುವುದು ದೊಡ್ಡದು. ಇವೆರಡಕ್ಕೂ ಒಂದೇ ಕಡಿತ ಮಾಡುವುದನ್ನು ನಾನಂತೂ ಒಪ್ಪುವುದಿಲ್ಲ.

ಉಚ್ಚಾರಕ್ಕೆ ಅಂಕ ಕಳೆಯುವಾಗ ಸ್ಪರ್ಧೆ ಯಾವುದೆಂದು ನೋಡಿ. ಭಾವಗೀತೆಯಲ್ಲಿ ‘ಹಾಲು’ ಎಂಬುದು ‘ಆಲು’ ಆದರೆ, ‘ಅಕ್ಕಿ’ ಎಂಬುದು ‘ಹಕ್ಕಿ’ಯಾದರೆ ಅರ್ಥವೇ ಹಾರಿಹೋಗುತ್ತದೆ, ಅಂಕ ಕಳೆಯಿರಿ. ಅದೇ ಬೀಸುವ ಪದದಲ್ಲೋ ಸೋಬಾನೆಯಲ್ಲೋ ಊರಿನ ಉಚ್ಚಾರವೇ ಹಾಡಿನ ಜೀವ. ಅಲ್ಲಿ ಪಠ್ಯಪುಸ್ತಕದ ಕನ್ನಡ ಹುಡುಕಬೇಡಿ. ಸಿನಿಮಾಕ್ಕೆಂದು ಬರೆದ ಹಾಡನ್ನು ಜನಪದ ಎಂದು ತಂದಿದ್ದರೆ ಮಾತ್ರ ಸ್ಪರ್ಧೆಯ ನಿಯಮ ನೋಡಿ.

ನೃತ್ಯ, ಭಾಷಣ

ಭರತನಾಟ್ಯ ಕಲಿಯದವರಿಗೂ ಒಂದು ಗುರುತು ಕಾಣುತ್ತದೆ: ಅರಮಂಡಿ, ಅಂದರೆ ಮಂಡಿ ಹೊರಕ್ಕೆ ಬಾಗಿಸಿದ ಅರೆಕುಳಿತ ನಿಲುವು. ನಿಧಾನದ ಅಡವಿನಲ್ಲಿ (ಹೆಜ್ಜೆಗಳ ಜೋಡಣೆಯಲ್ಲಿ) ಎಲ್ಲ ಮಕ್ಕಳೂ ಚೆನ್ನಾಗಿ ಕೂರುತ್ತಾರೆ. ಮೂರನೇ ಕಾಲಕ್ಕೆ, ಅಂದರೆ ಅತಿ ವೇಗದ ನಡೆಗೆ, ಬಂದಾಗ ಮಂಡಿ ನೆಟ್ಟಗಾಗಿ, ಮಗು ಎದ್ದು ನಿಂತೇ ಹೆಜ್ಜೆ ಹಾಕತೊಡಗುತ್ತದೆ. ಅಲ್ಲಿ ಗಮನವಿಡಿ. ಬಾಡಿಗೆಯ ಉಡುಪು, ಒಡವೆಗೆ ಅಂಕವಿಲ್ಲ. ಕಂಸಾಳೆಯಂಥ ಗುಂಪು ಕುಣಿತದಲ್ಲಿ ಧ್ವನಿಮುದ್ರಿಕೆಯೊಳಗೇ ಕಂಸಾಳೆಯ ಸದ್ದಿದ್ದರೆ ಮಕ್ಕಳ ಕೈಯ ಸದ್ದು ಅದರಡಿ ಮುಚ್ಚಿಹೋಗುತ್ತದೆ. ಹಿಂದಿನ ಸಾಲಿನ ಮಕ್ಕಳ ಕೈ ನೋಡಿ, ಎಲ್ಲ ಗೊತ್ತಾಗುತ್ತದೆ.

ಭಾಷಣದಲ್ಲಿ ಮೇಷ್ಟ್ರು ಬರೆದುಕೊಟ್ಟದ್ದನ್ನು ಉರು ಹೊಡೆದು ಬಂದವರೇ ಹೆಚ್ಚು. ಅದನ್ನು ತಡೆಯಲಾಗದು, ಆದರೆ ಮಗುವಿಗೆ ತಾನು ಹೇಳುತ್ತಿರುವುದು ಅರ್ಥವಾಗಿದೆಯೇ ಎಂಬುದು ನಿಲ್ಲುವ ಜಾಗದಲ್ಲಿ ತಿಳಿಯುತ್ತದೆ. ವಾಕ್ಯದ ನಡುವೆ ಉಸಿರು ಕಡಿದು, ಕ್ರಿಯಾಪದವನ್ನು ಮುಂದಿನ ವಾಕ್ಯಕ್ಕೆ ಅಂಟಿಸಿದರೆ ಅದು ಬರೀ ಕಂಠಪಾಠ. ಆಶುಭಾಷಣಕ್ಕೆ ಬೇರೆ ಅಳತೆ: ಅಲ್ಲಿ ತಡವರಿಕೆ ಸಹಜ, ವಿಷಯ ಬಿಟ್ಟು ಓಡುವುದು ತಪ್ಪು. ಚರ್ಚಾಸ್ಪರ್ಧೆಯಲ್ಲಿ ನಿಮ್ಮ ಸ್ವಂತ ಅಭಿಪ್ರಾಯಕ್ಕೆ ವಿರುದ್ಧವಾಗಿ ಮಾತಾಡಿದ ಮಗುವಿಗೆ ಎಷ್ಟು ಕೊಟ್ಟಿದ್ದೀರಿ ಎಂದು ಕೊನೆಗೊಮ್ಮೆ ನೋಡಿಕೊಳ್ಳಿ.

ಕೂಡುವಾಗ ಎಚ್ಚರ

ಹಾಳೆಗಳನ್ನು ಕೂಡುವ ಜಾಗದಲ್ಲೇ ಹೆಚ್ಚಿನ ಅನ್ಯಾಯ ನಡೆಯುವುದು, ಅದೂ ಯಾರೂ ಬೇಕೆಂದು ಮಾಡದೆ. ಮೂವರು ತೀರ್ಪುಗಾರರು, ಅ, ಬ, ಕ ಎಂಬ ಮೂವರು ಮಕ್ಕಳು ಎಂದುಕೊಳ್ಳಿ. ಮೊದಲ ತೀರ್ಪುಗಾರರು ಕ್ರಮವಾಗಿ 72, 70, 68 ಕೊಟ್ಟರು. ಎರಡನೆಯವರು 73, 71, 70. ಮೂರನೆಯವರ ಕೈ ಜೋರು: 45, 60, 90. ಕೂಡಿದರೆ ಅ 190, ಬ 201, ಕ 228. ಇಬ್ಬರು ಕೊನೆಯ ಸ್ಥಾನಕ್ಕೆ ಹಾಕಿದ ಮಗು ಗೆದ್ದಿತು. ಆ ಇಬ್ಬರೂ ಮೊದಲನೆಯದೆಂದ ಮಗು ಕೊನೆಗೆ ಹೋಯಿತು. ಅಂಕದ ಅಂತರ ದೊಡ್ಡದಿಟ್ಟವರೊಬ್ಬರೇ ತೀರ್ಪು ಕೊಟ್ಟಂತಾಯಿತು.

ನಿಯಮ ಅಡ್ಡಬಾರದಿದ್ದರೆ, ಪ್ರತಿಯೊಬ್ಬರ ಅಂಕವನ್ನೂ ಮೊದಲು ಸ್ಥಾನಕ್ಕೆ ಇಳಿಸಿ, ಆಮೇಲೆ ಸ್ಥಾನಗಳನ್ನು ಕೂಡಿ. ಅ: 1, 1, 3 ಸೇರಿ 5. ಬ: 2, 2, 2 ಸೇರಿ 6. ಕ: 3, 3, 1 ಸೇರಿ 7. ಕಡಿಮೆ ಬಂದವರು ಮುಂದೆ, ಅಂದರೆ ಅ. ಇದರಲ್ಲೂ ಕೊರತೆಯಿದೆ: ನಿಜಕ್ಕೂ ಬಹಳ ಮೇಲಿರುವ ಮಗುವಿನ ಅಂತರ ಇಲ್ಲಿ ಕಾಣುವುದಿಲ್ಲ. ಅಂಕಗಳನ್ನೇ ಕೂಡಬೇಕೆಂಬ ನಿಯಮವಿದ್ದರೆ, ಅತಿ ಕಡಿಮೆ ಎಷ್ಟು, ಅತಿ ಹೆಚ್ಚು ಎಷ್ಟು ಎಂದು ಮೂವರೂ ಮೊದಲೇ ಒಪ್ಪಿಕೊಳ್ಳಿ.

ಕೇರಳದ ಶಾಲಾ ಕಲೋತ್ಸವದಲ್ಲಿ ಎ, ಬಿ, ಸಿ ಎಂದು ಗ್ರೇಡ್ ಕೊಡುವ ಪದ್ಧತಿಯಿದೆ. ಕಾಸರಗೋಡಿನ ಕನ್ನಡ ಮಕ್ಕಳು ಯಕ್ಷಗಾನ, ಕನ್ನಡ ಕಂಠಪಾಠಗಳಲ್ಲಿ ಅದನ್ನು ಪಡೆಯುತ್ತಾರೆ. ಎ ಗ್ರೇಡ್ ಒಬ್ಬರಿಗೇ ಮೀಸಲಲ್ಲ. ಕೆಳ ಹಂತಗಳಲ್ಲಿ ನಮ್ಮಲ್ಲೂ ಹೀಗೇ ಮಾಡಬಹುದಿತ್ತು ಎನಿಸುತ್ತದೆ.

ಫಲಿತಾಂಶ ಓದುವ ಮೊದಲು ಹಾಳೆಗಳಿಗೆ ಸಹಿ ಹಾಕಿ, ತಿದ್ದಿದ ಕಡೆಯೆಲ್ಲ ಚಿಕ್ಕ ರುಜು ಹಾಕಿ. ‘ಸರ್, ನಮ್ಮ ಮಗೂಗೆ ಯಾಕ್ ಬರ್ಲಿಲ್ಲ?’ ಎಂದು ಪೋಷಕರು ಬಂದೇ ಬರುತ್ತಾರೆ. ಬೇರೆ ಮಗುವಿನ ಹೆಸರೆತ್ತದೆ, ಅವರ ಮಗುವಿನ ಟಿಪ್ಪಣಿಯನ್ನಷ್ಟೇ ಓದಿ ಹೇಳಿ, ಚೆನ್ನಾಗಿದ್ದ ಅಂಶವೂ ಅದರಲ್ಲಿರಲಿ. ಅಷ್ಟಕ್ಕೂ ಒಪ್ಪದಿದ್ದರೆ ಲಿಖಿತವಾಗಿ ಆಯೋಜಕರಿಗೆ ಕೊಡಲು ಹೇಳಿ, ಹಾಳೆಗಳನ್ನು ಸಿಆರ್‌ಪಿಯವರ ಕೈಗೊಪ್ಪಿಸಿ ಎದ್ದುಬಿಡಿ.