ಪೌತಿ ಖಾತೆ: ತೀರಿಕೊಂಡವರ ಹೆಸರಲ್ಲೇ ಉಳಿದ ಪಹಣಿಗೆ ಏನು ಮಾಡಬೇಕು?

ಪಿ.ಎಂ. ಕಿಸಾನ್ ಕಂತು ನಿಂತಾಗ, ಸೊಸೈಟಿಯಲ್ಲಿ ಬೆಳೆಸಾಲ ಕೇಳಲು ಹೋದಾಗ, ಬರ ಪರಿಹಾರದ ಪಟ್ಟಿಯಲ್ಲಿ ಪಕ್ಕದ ಹೊಲದವನ ಹೆಸರಿದ್ದು ನಮ್ಮದು ಕಾಣದಾಗ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಪಹಣಿ (ಜಮೀನಿನ ಆರ್.ಟಿ.ಸಿ. ದಾಖಲೆ) ನೆನಪಾಗುತ್ತದೆ. ಅಲ್ಲಿಯವರೆಗೂ ಒಂದೇ ಮಾತು: "ನಮ್ದೇ ಜಮೀನು, ನಾವೇ ಉಳ್ತಾ ಇದೀವಿ, ಯಾರ್ ಕೇಳ್ತಾರೆ ಬಿಡಿ."

ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಚೇಳೂರು ಕಡೆ ನಮಗಿರುವುದು ಎರಡು ಎಕರೆ ಹತ್ತು ಗುಂಟೆ. ತಾತ ಸ್ವಂತ ದುಡಿಮೆಯಲ್ಲಿ ಕೊಂಡಿದ್ದು. ತಾತ ಹೋದ ಮೇಲೆ ಅಪ್ಪ ಖಾತೆ ಮಾಡಿಸಲಿಲ್ಲ. ಅಪ್ಪ ಹೋದ ಮೇಲೆ ನಾವು ಒಂಬತ್ತು ವರ್ಷ ಸುಮ್ಮನಿದ್ದೆವು. ಕೊನೆಗೆ ಹೊರಟಾಗ ಎರಡು ತಲೆಮಾರಿನ ಗಂಟು ಒಟ್ಟಿಗೆ ಬಿಚ್ಚಬೇಕಾಯಿತು. ಆ ಓಡಾಟದಲ್ಲಿ ಕಲಿತದ್ದು, ಆಮೇಲೆ ಊರಿನವರು ನನ್ನನ್ನು ನಿಲ್ಲಿಸಿ ಕೇಳಿದ ಪ್ರಶ್ನೆಗಳು, ಎರಡೂ ಇಲ್ಲಿವೆ. (ಪೌತಿ ಎಂದರೆ ಸಾವು. ಅಂದರೆ ಪೌತಿ ಖಾತೆ ಎಂದರೆ ಖಾತೆದಾರರು ಸತ್ತ ಕಾರಣಕ್ಕೆ ವಾರಸುದಾರರ ಹೆಸರಿಗೆ ಆಗುವ ಖಾತೆ ಬದಲಾವಣೆ.)

ಮೊದಲು ಪಹಣಿ ಓದಿ

ಸರ್ಕಾರದ ಭೂದಾಖಲೆಗಳಿರುವ 'ಭೂಮಿ' ತಂತ್ರಾಂಶದಿಂದ ಹೊಸ ಪಹಣಿ ತೆಗೆಸಿ, ಮೂರು ಕಾಲಂ ನೋಡಿ. 9ರಲ್ಲಿ ಯಾರ ಹೆಸರಿದೆ, ಎಷ್ಟು ವಿಸ್ತೀರ್ಣ. 10ರಲ್ಲಿ ಅವರಿಗೆ ಅದು ಹೇಗೆ ಬಂತು, ಕ್ರಯವೋ ಮಂಜೂರೋ ವಿಭಾಗವೋ. 11ರಲ್ಲಿ ಸಾಲ, ಅಡಮಾನ, ಕೋರ್ಟಿನ ತಡೆ ಇತ್ಯಾದಿ. 11ರಲ್ಲಿ ಬ್ಯಾಂಕಿನ ಹೆಸರು ಕಂಡು ಗಾಬರಿಯಾಗುವುದು ಬೇಡ. ಸತ್ತವರ ಸಾಲ ಅವರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ವಾರಸುದಾರರ ಮೇಲೆ ಬರುತ್ತದೆ, ಅಷ್ಟೆ.

10ನೇ ಕಾಲಂ ಮುಖ್ಯ. ಆಸ್ತಿ ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂಬುದರ ಮೊದಲ ಸುಳಿವು ಅಲ್ಲೇ ಸಿಗುತ್ತದೆ. ಪಾಲಿನ ಲೆಕ್ಕ ನಿಂತಿರುವುದು ಅದರ ಮೇಲೆ. ಅಲ್ಲಿರುವ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರ್ ಹಿಡಿದು ಹಳೆಯ ಮ್ಯುಟೇಷನ್ (ಖಾತೆ ಬದಲಾವಣೆ) ನಕಲನ್ನೂ ತೆಗೆಸಿಟ್ಟುಕೊಳ್ಳಿ.

ಮರಣ ಪ್ರಮಾಣಪತ್ರ

ಸಾವನ್ನು 21 ದಿನದೊಳಗೆ ನೋಂದಾಯಿಸಿದ್ದರೆ ತೊಂದರೆಯಿಲ್ಲ. ಒಂದು ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ತಂದ ಮೇಲಷ್ಟೇ ನೋಂದಣಿ. ತಾತನ ಸಾವು ಎಲ್ಲೂ ನೋಂದಾಯಿಸಿರಲಿಲ್ಲ, ಆ ಒಂದು ಕಾಗದಕ್ಕೇ ನಮಗೆ ಐದು ತಿಂಗಳು ಹಿಡಿಯಿತು.

ಹೆಸರಿನ ಪೀಕಲಾಟ ಬೇರೆ. ಪಹಣಿಯಲ್ಲಿ ರಂಗಪ್ಪ, ಮರಣಪತ್ರದಲ್ಲಿ ರಂಗಸ್ವಾಮಯ್ಯ, ಪಡಿತರ ಚೀಟಿಯಲ್ಲಿ ರಂಗಯ್ಯ. ಊರಿಗೆಲ್ಲ ಒಬ್ಬನೇ ಮನುಷ್ಯ, ಕಂಪ್ಯೂಟರಿಗೆ ಮಾತ್ರ ಮೂವರು. ಮೂರೂ ಒಬ್ಬರದೇ ಹೆಸರು ಎಂದು ನೋಟರಿ ಮುಂದೆ ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿ, ಹೆಸರು ತಾಳೆಯಾಗುವ ಯಾವುದಾದರೂ ಹಳೆಯ ದಾಖಲೆ ಜೊತೆಗಿಟ್ಟರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಮರಣಪತ್ರ ಇನ್ನೂ ಮಾಡಿಸಬೇಕಿದ್ದರೆ ಪಹಣಿಯಲ್ಲಿರುವ ಹೆಸರನ್ನೇ ಬರೆಸಿ. ಅರ್ಧ ತಲೆನೋವು ಅಲ್ಲೇ ಕಳೆಯುತ್ತದೆ.

ವಂಶವೃಕ್ಷ: ಇಲ್ಲಿ ಅವಸರ ಬೇಡ

ವಂಶವೃಕ್ಷಕ್ಕೆ, ಅಂದರೆ ಸತ್ತವರ ವಾರಸುದಾರರೆಲ್ಲರನ್ನೂ ತೋರಿಸುವ ಪಟ್ಟಿಗೆ, ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಜೊತೆಗೆ ಮರಣ ಪ್ರಮಾಣಪತ್ರ, ಎಲ್ಲ ವಾರಸುದಾರರ ಆಧಾರ್, ಕುಟುಂಬದವರೊಬ್ಬರ ಅಫಿಡವಿಟ್ ಪ್ರಮಾಣಪತ್ರ. ಗ್ರಾಮ ಆಡಳಿತ ಅಧಿಕಾರಿ ಊರಲ್ಲಿ ವಿಚಾರಿಸಿ ವರದಿ ಕೊಡುತ್ತಾರೆ. ಪದನಾಮ ಬದಲಾದರೂ ಜನರ ಬಾಯಲ್ಲಿ ಅವರು ಇನ್ನೂ ವಿ.ಎ., ಹಿರಿಯರ ಬಾಯಲ್ಲಿ ಶಾನುಭೋಗರೇ.

ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಬರಬೇಕು. ತೀರಿಕೊಂಡ ಮಕ್ಕಳೂ ಬರಬೇಕು, ಅವರ ಕೆಳಗೆ ಅವರ ಮಕ್ಕಳು. "ಅವ್ರೆಲ್ಲ ಯಾಕಣ್ಣ, ಗಂಡುಮಕ್ಳದ್ದು ಮಾತ್ರ ಬರೆಸಿ, ಬೇಗ ಆಗ್ತದೆ" ಎಂದು ಸಲಹೆ ಕೊಡುವವರು ಕಚೇರಿಯ ಹೊರಗಿನ ಟೀ ಅಂಗಡಿಯಲ್ಲಿ ಸದಾ ಇರುತ್ತಾರೆ. ಅವರ ಮಾತು ಕೇಳಿ ವಾರಸುದಾರರನ್ನು ಮುಚ್ಚಿಟ್ಟು ಪ್ರಮಾಣಪತ್ರಕ್ಕೆ ಸಹಿ ಹಾಕಿದರೆ ಅದು ಸುಳ್ಳು ಪ್ರಮಾಣ. ಸಿಕ್ಕಿಬೀಳುವುದು ಸಹಿ ಹಾಕಿದವರೇ ಹೊರತು ಟೀ ಅಂಗಡಿಯವರಲ್ಲ.

ನಮ್ಮ ಲೆಕ್ಕ ಹೀಗಿತ್ತು. ಅಜ್ಜಿ ತಾತನಿಗಿಂತ ಮೊದಲೇ ಹೋಗಿದ್ದರು. ತಾತನಿಗೆ ಮೂವರು ಮಕ್ಕಳು: ಅಪ್ಪ, ಇಬ್ಬರು ಸೋದರತ್ತೆಯರು. ತಾತ ಉಯಿಲು ಬರೆದಿರಲಿಲ್ಲ. ಜಮೀನು ಸ್ವಯಾರ್ಜಿತವಾದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ 90 ಗುಂಟೆ ಮೂರು ಸಮಪಾಲು, ತಲಾ 30. ದೊಡ್ಡತ್ತೆಗೆ 30. ಚಿಕ್ಕತ್ತೆ ತಾತನ ನಂತರ ತೀರಿಕೊಂಡರು. ಅವರ 30ರಲ್ಲಿ ಮಾವನಿಗೆ 15, ಅವರ ಮಗನಿಗೆ 15. ಅಪ್ಪನ 30ರಲ್ಲಿ ಅಮ್ಮ, ನಾನು, ತಮ್ಮ, ತಂಗಿಗೆ ತಲಾ ಏಳೂವರೆ. ಎರಡೂಕಾಲು ಎಕರೆಯ ಯಜಮಾನ ಎಂದುಕೊಂಡಿದ್ದ ನನ್ನ ಕೈಗೆ ಏಳೂವರೆ ಗುಂಟೆ! ತಮ್ಮ ಎರಡು ಸಲ ಕೂಡಿ ನೋಡಿದ.

ಅಜ್ಜಿ ತಾತನ ನಂತರವೂ ಇದ್ದಿದ್ದರೆ ಅವರಿಗೂ ಒಂದು ಪಾಲು ಬರುತ್ತಿತ್ತು. ಗಂಡ ಸತ್ತರೆ ಹೆಂಡತಿಗೆ, ಮಗ ಸತ್ತರೆ ತಾಯಿಗೆ, ಮಕ್ಕಳಷ್ಟೇ ಸಮಪಾಲು. ಮಗ ಸತ್ತಾಗ ಬದುಕಿರುವ ತಾಯಿಯ ಪಾಲನ್ನು ಜನ ಬಹಳ ಸಲ ಮರೆಯುತ್ತಾರೆ. ಪಿತ್ರಾರ್ಜಿತ ಆಸ್ತಿಯಾದರೆ ಲೆಕ್ಕ ಬೇರೆ, ವಕೀಲರ ಹತ್ತಿರ ಕೂತು ಮಾಡಿಸಿ. ಈ ಕಾಯ್ದೆ ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ. ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯ.

ಅರ್ಜಿ, ನೋಟಿಸು, ಆದೇಶ

ವಂಶವೃಕ್ಷ, ಮರಣಪತ್ರ, ಪಹಣಿ, ಆಧಾರ್ ಸೇರಿಸಿ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಿ. ಸ್ವೀಕೃತಿ ಚೀಟಿ ಜೋಪಾನ, ಮುಂದೆ ಕೇಳಲು ಹೋದಾಗಲೆಲ್ಲ ಅದರ ನಂಬರೇ ಬೇಕು. ಆಮೇಲೆ ಸಂಬಂಧಪಟ್ಟವರಿಗೆ ನೋಟಿಸು ಹೊರಡುತ್ತದೆ, ಚಾವಡಿಯಲ್ಲೂ ಅಂಟಿಸುತ್ತಾರೆ. ನೋಟಿಸಿನಲ್ಲಿ ಹೇಳಿದ ಅವಧಿಯೊಳಗೆ ಯಾರೂ ತಕರಾರು ಹಾಕದಿದ್ದರೆ ಮ್ಯುಟೇಷನ್ ಆಗಿ ಪಹಣಿ ಬದಲಾಗುತ್ತದೆ. ಎಲ್ಲ ವಾರಸುದಾರರ ಹೆಸರಿಗೂ ಜಂಟಿ ಖಾತೆ ಕೇಳಿದರೆ ತಕರಾರು ಬರುವುದೇ ಅಪರೂಪ. ಹೆಸರು ಬಿಟ್ಟುಹೋದವರು ತಾನೇ ತಕರಾರು ಹಾಕುವುದು?

ತಕರಾರು ಬಂದರೆ ಅದು ವಿವಾದಿತ ಪ್ರಕರಣಗಳ ರಿಜಿಸ್ಟರಿಗೆ ಹೋಗಿ ವಿಚಾರಣೆ ನಡೆಯುತ್ತದೆ. ಆದೇಶ ಒಪ್ಪಿಗೆಯಾಗದಿದ್ದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 136ನೇ ಕಲಮಿನಡಿ 60 ದಿನದೊಳಗೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ. ತುಮಕೂರು ಜಿಲ್ಲೆಯಲ್ಲಿ ಎ.ಸಿ. ಕಚೇರಿಗಳು ತುಮಕೂರು, ತಿಪಟೂರು, ಮಧುಗಿರಿಯಲ್ಲಿವೆ. ಆದರೆ ಆಸ್ತಿ ನಿಜಕ್ಕೂ ಯಾರದ್ದು ಎಂದು ತೀರ್ಮಾನಿಸುವುದು ಕಂದಾಯ ಕಚೇರಿಯಲ್ಲ, ಸಿವಿಲ್ ಕೋರ್ಟು. ಪಹಣಿಯ ನಮೂದನ್ನು, ಸುಳ್ಳೆಂದು ಸಾಬೀತಾಗುವವರೆಗೆ, ನಿಜವೆಂದು ಭಾವಿಸುತ್ತಾರೆ. ಹಾಗೆಂದು ಪಹಣಿಯೇ ಹಕ್ಕುಪತ್ರವಾಗುವುದಿಲ್ಲ.

"ಇಲ್ಲೊಂದು ಸೈನ್ ಹಾಕಮ್ಮ"

ಮಗನೊಬ್ಬನ ಹೆಸರಿಗೇ ಖಾತೆ ಆಗಲಿ ಎಂದು ಅಕ್ಕತಂಗಿಯರಿಂದ ಛಾಪಾ ಕಾಗದದ ಮೇಲೆ ಒಪ್ಪಿಗೆ ಪತ್ರ ಬರೆಸಿಕೊಳ್ಳುವುದು ನಮ್ಮ ಕಡೆ ಮಾಮೂಲಿ. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬಂದ ಅಣ್ಣ ಚೀಲದಿಂದ ಕಾಗದ ತೆಗೆಯುತ್ತಾನೆ. ಸಹಿ ಹಾಕದಿದ್ದರೆ ತವರು ತಪ್ಪೀತು ಎಂಬ ಭಯಕ್ಕೆ ಅವಳು ಓದದೆ ಹಾಕುತ್ತಾಳೆ.

ಈ ಕಾಗದದ ಬೆಲೆ ಎಷ್ಟು? 1908ರ ನೋಂದಣಿ ಕಾಯ್ದೆಯಂತೆ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರ ನೋಂದಣಿ ಆಗಲೇಬೇಕು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಹಕ್ಕು ಖುಲಾಸೆ ಪತ್ರ ಇಲ್ಲದೆ, ಬರೀ ಒಪ್ಪಿಗೆ ಪತ್ರದಿಂದ ಅವಳ ಪಾಲು ಅಳಿಯುವುದಿಲ್ಲ. ಖಾತೆ ಅಣ್ಣನ ಹೆಸರಿಗೆ ಹೋಗಬಹುದು, ಹಕ್ಕು ಹೋಗದು. ಆದ್ದರಿಂದ ಇದು ಅಣ್ಣನಿಗೂ ಒಳ್ಳೆಯದಲ್ಲ. ನಾಳೆ ಅವನು ಜಮೀನು ಮಾರಲು ಹೊರಟರೆ ಕೊಳ್ಳುವವರ ವಕೀಲರು ಮೊದಲು ಕೇಳುವುದೇ "ಹೆಣ್ಣುಮಕ್ಕಳ ಖುಲಾಸೆ ಎಲ್ಲಿ?" ಎಂದು. ಜಮೀನು ಕೊಳ್ಳುವವರು ಕೂಡ ಪಹಣಿಯಲ್ಲಿ ಒಂದೇ ಹೆಸರಿದೆ ಎಂದು ನಂಬಿ ಮುಂಗಡ ಕೊಡಬೇಡಿ. ವಂಶವೃಕ್ಷ ಕೇಳಿ.

ಮನಸ್ಸಾರೆ ಬಿಟ್ಟುಕೊಡುವವರನ್ನು ತಡೆಯಲು ನಾನು ಯಾರು? ಕೊಡುವುದಾದರೆ ಓದಿ, ಲೆಕ್ಕ ತಿಳಿದು, ನೋಂದಣಿ ಮಾಡಿಸಿಯೇ ಕೊಡಲಿ. ಹದಿನೆಂಟು ತುಂಬದ ಮಕ್ಕಳ ಪಾಲನ್ನು ಮಾತ್ರ ಕೋರ್ಟಿನ ಅನುಮತಿ ಇಲ್ಲದೆ ತಾಯಿಯೂ ಬಿಟ್ಟುಕೊಡುವಂತಿಲ್ಲ.

ಜನ ಕೇಳಿದ ಕೆಲವು ಪ್ರಶ್ನೆಗಳು

*1994ಕ್ಕೆ ಮುಂಚೆ ಮದುವೆಯಾದವರಿಗೆ ಪಾಲಿಲ್ಲವಂತೆ?* ಇದು ಹಳೆಯ ಕಾನೂನಿನ ನೆನಪು. ಕರ್ನಾಟಕ 1994ರ ಜುಲೈ 30ರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಜನ್ಮಸಿದ್ಧ ಹಕ್ಕು ಕೊಟ್ಟಿತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದ ಇಲ್ಲ. ಆ ದಿನ ಅಪ್ಪ ಬದುಕಿರಬೇಕಿತ್ತೇ ಎಂಬ ಗೊಂದಲವನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ಬಗೆಹರಿಸಿತು: ಬದುಕಿರಬೇಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಾಯಿತ ಪತ್ರದ ಮೂಲಕ ಅಥವಾ ಕೋರ್ಟಿನ ಡಿಕ್ರಿಯಿಂದ ಆದ ವಿಭಾಗವನ್ನು ಮಾತ್ರ ಕೆದಕುವಂತಿಲ್ಲ. ಇದೆಲ್ಲ ಪಿತ್ರಾರ್ಜಿತದ ಮಾತು. ಅಪ್ಪನ ಸ್ವಯಾರ್ಜಿತದಲ್ಲಿ ಮಗಳಿಗೆ 1956ರಿಂದಲೂ ಸಮಪಾಲು ಇದೆ. ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕಿಗೆಂದು ಕಾಯ್ದೆ ತಂದದ್ದು 1933ರಷ್ಟು ಹಿಂದೆ ಎಂದರೆ ಚಾವಡಿ ಕಟ್ಟೆಯಲ್ಲಿ ಯಾರೂ ನಂಬುವುದಿಲ್ಲ.

*ಮದುವೆಗೆ ಖರ್ಚು ಮಾಡಿದ್ದೀವಲ್ಲ, ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಾಗಿದೆಯಲ್ಲ?* ಅದರಿಂದ ಪಾಲು ತೀರುವುದಿಲ್ಲ.

*ಎರಡನೇ ಹೆಂಡತಿಯ ಮಕ್ಕಳು?* ಮೊದಲ ಹೆಂಡತಿ ಇರುವಾಗಲೇ ಆದ ಎರಡನೇ ಮದುವೆ ಹಿಂದೂ ಕಾನೂನಿನಲ್ಲಿ ಅಸಿಂಧು, ಆಕೆಗೆ ಪಾಲಿಲ್ಲ. ಮಕ್ಕಳಿಗೆ ಅಪ್ಪನ ಆಸ್ತಿಯಲ್ಲಿ ಇದೆ. ಪಿತ್ರಾರ್ಜಿತದಲ್ಲೂ ಅಪ್ಪನ ಭಾಗಕ್ಕೆ ಬರುವಷ್ಟರಲ್ಲಿ ಇದೆ ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 1ರಂದು ಹೇಳಿದೆ. ಆ ಮಕ್ಕಳ ಹೆಸರೂ ವಂಶವೃಕ್ಷಕ್ಕೆ ಬರಬೇಕು, ಮನೆಯಲ್ಲಿ ಎಷ್ಟೇ ಇರುಸುಮುರುಸಾದರೂ.

*ಅಪ್ಪ ಉಯಿಲು ಬರೆದಿದ್ದಾರೆ, ನೋಂದಣಿ ಆಗಿಲ್ಲ.* ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ.

*ಮನೆಗೂ ಇದೇ ಅರ್ಜಿ ಸಾಕೇ?* ಸಾಲದು. ಗ್ರಾಮಠಾಣೆಯ ಮನೆ, ನಿವೇಶನದ ಖಾತೆ ಇರುವುದು ಗ್ರಾಮ ಪಂಚಾಯ್ತಿಯಲ್ಲಿ. ಅದಕ್ಕೆ ಪಿ.ಡಿ.ಒ. (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಪ್ರತ್ಯೇಕ ಅರ್ಜಿ, ಪಂಚಾಯ್ತಿ ಆಸ್ತಿಗಳ ಇ-ಸ್ವತ್ತು ತಂತ್ರಾಂಶದಲ್ಲಿ ಬದಲಾವಣೆ. ತುಮಕೂರು ನಗರದೊಳಗಿನ ಮನೆಯಾದರೆ ಮಹಾನಗರ ಪಾಲಿಕೆ.

*ವಕೀಲರಿಗೆ ಕೊಡಲು ಹಣವಿಲ್ಲ.* ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಲೆಕ್ಕ ನೋಡದೆ ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲೋ ತಾಲ್ಲೂಕು ಸಮಿತಿಯಲ್ಲೋ ಕೇಳಿ. 15100ಕ್ಕೆ ಫೋನ್ ಮಾಡಿದರೂ ಆಯಿತು.

ಜಂಟಿ ಖಾತೆ ಆದ ಮೇಲೆ ಪಾಲು

ಪೌತಿ ಖಾತೆ ಎಂದರೆ ವಿಭಾಗವಲ್ಲ. ಪಹಣಿಯಲ್ಲಿ ಏಳು ಹೆಸರು ಬಂದರೂ ಯಾವ ಮೂಲೆ ಯಾರದ್ದು ಎಂದು ಎಲ್ಲೂ ಬರೆದಿರುವುದಿಲ್ಲ. ಅದಕ್ಕೆ ಮೊದಲು ಪಾಲುಗಳನ್ನು ಗುರುತಿಸುವ 11ಇ ನಕ್ಷೆಗೆ ಅರ್ಜಿ ಹಾಕಿ ಭೂಮಾಪಕರಿಂದ ಅಳತೆ ಮಾಡಿಸಬೇಕು. ಆ ನಕ್ಷೆ ಇಟ್ಟುಕೊಂಡು ವಿಭಾಗ ಪತ್ರ ನೋಂದಣಿ. ಕುಟುಂಬದೊಳಗಿನ ವಿಭಾಗಕ್ಕೆ ಕ್ರಯಪತ್ರದ ಹಾಗೆ ಆಸ್ತಿಯ ಬೆಲೆಗೆ ಇಷ್ಟು ಶೇಕಡಾ ಎಂದು ಮುದ್ರಾಂಕ ಶುಲ್ಕ ಇಲ್ಲ, ಪಾಲಿಗೆ ಇಷ್ಟು ಎಂದಿದೆ. ಇವತ್ತಿನ ದರ ಸಬ್‌ರಿಜಿಸ್ಟ್ರಾರ್ ಕಚೇರಿಯ ಫಲಕದಲ್ಲೇ ನೋಡಿ. ಊರ ಹಿರಿಯರು ಕೂತು ಬರೆಸಿದ ಪಾಲುಪಟ್ಟಿ ಮನೆಯ ಮಾತಿಗೆ ಸರಿ, ಮುಂದೆ ಬ್ಯಾಂಕಿಗೂ ಕೊಳ್ಳುವವರಿಗೂ ಸಾಕಾಗದು.

ವಿಭಾಗ ಪತ್ರದಲ್ಲಿ ಗುಂಟೆಗಳ ಜೊತೆಗೆ ಮೂರು ಸಂಗತಿ ಬರೆಸಲು ಮರೆಯಬೇಡಿ: ಹಿಂದಿನ ಪಾಲಿಗೆ ಹೋಗುವ ದಾರಿ, ಕೊಳವೆಬಾವಿಯ ನೀರಿನ ಸರದಿ ಮತ್ತು ಕರೆಂಟ್ ಖರ್ಚು, ಬದುವಿನ ಮೇಲಿನ ಮರಗಳು. ಈ ಮೂರನೆಯದನ್ನು ನಮಗೆ ನೆನಪಿಸಿದ್ದು ಶಿರಾದಲ್ಲಿರುವ ದೊಡ್ಡತ್ತೆ. ಆಧಾರ್ ನಕಲು ಕೇಳಲು ಅವರ ಮನೆಗೆ ಹೋಗಿದ್ದೆ. ಮೂವತ್ತು ಗುಂಟೆಯ ಲೆಕ್ಕವನ್ನೆಲ್ಲ ಸುಮ್ಮನೆ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ಹಲಸಿನ ಮರ ಯಾರ ಪಾಲಿಗೆ ಬರ್ತದಪ್ಪ?" ಹಲಸಿಗೆ ಹೆಸರಾದ ಚೇಳೂರು ಸೀಮೆಯವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಮರ ನಿಂತಿರುವುದು ಪಡುವಣ ಬದುವಿನ ಮೇಲೆ. ಆ ಮಗ್ಗುಲ ಮೂವತ್ತು ಗುಂಟೆ ಅತ್ತೆಗೆ, ಮರವೂ ಅವರಿಗೇ ಎಂದು ಪತ್ರದಲ್ಲಿ ಬರೆಸಿದೆವು.